ಬುಲೆಟ್ ಬಗಲಿನ ಚೀಲ

ನಿಮ್ಮ ಹುಡುಗನ ಬುಲೆಟ್ಟಿಗೆ ಹೊಸ ಸ್ಯಾಡಲ್ ಬ್ಯಾಗ್ ಬಂದ ಹಾಗಿದೆ ರಾಯರೇ. ಜೋರಾಗಿಯೇ ಇದೆ. ಮುಂದುಗಡೆ ಎರಡೆರಡು ಹಿತ್ತಾಳೆ ಬಣ್ಣದ ಬಕಲ್ಲು, ಪಟ್ಟಿಯುದ್ದಕ್ಕೂ ತೂತು. ಆದರೆ ಆ ಬಕಲ್ ಬಿಚ್ಚಿ ನೋಡಿದಿರಾ? ಯಾರೂ ಬಿಚ್ಚೋದಿಲ್ಲ, ಅದು ಬರೀ ಶೋಕಿ! ಪಟ್ಟಿಯ ಹಿಂದೆ ಕೈ ಹಾಕಿದರೆ ಮಕ್ಕಳ ಸ್ಕೂಲ್ ಬ್ಯಾಗಿನ ಪ್ಲಾಸ್ಟಿಕ್ ಕ್ಲಿಪ್ಪು ಟಕ್ ಅನ್ನುತ್ತೆ. ಗ್ಲೌಸ್ ಹಾಕಿದ ಕೈಗೆ ಕ್ಲಿಪ್ಪೇ ವಾಸಿ, ತಕರಾರಿಲ್ಲ. ಹಾಗಿದ್ದ ಮೇಲೆ ಬಕಲ್ ಯಾತಕ್ಕೆ ಅಂತ. ಮದುವೆ ಮನೆಗೆ ಹೊರಟಿದೆಯೇ ಬುಲೆಟ್ಟು?

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಈ ಚೀಲಗಳನ್ನು ಬಾಳೆಗೊನೆ ಹಾಗೆ ತೂಗುಹಾಕಿರುತ್ತಾರೆ. ಅಂಗಡಿಯವನು ಮುಂಭಾಗ ತೋರಿಸಿ ‘ಸಾವಿರ ಡೀನಿಯರ್ ಸಾರ್’ ಅಂದುಬಿಡುತ್ತಾನೆ. ಡೀನಿಯರ್ ಅಂದರೆ 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ, ಅಷ್ಟೇ. ನೂಲು ದಪ್ಪ ಅಂತಾಯಿತು. ಅದು ನೈಲಾನೋ ಪಾಲಿಯೆಸ್ಟರೋ? ರಸ್ತೆಗೆ ಉಜ್ಜಿದಾಗ ತಡೆದುಕೊಳ್ಳೋದು ನೈಲಾನೇ. ಇನ್ನು ಮಳೆ. ಲೇಪ ಹಾಕಿದ ಬಟ್ಟೆಯಲ್ಲಿ ನೀರು ಇಳಿಯೋದು ಕಡಿಮೆ. ಇಳಿಯೋದು ಸೂಜಿ ಚುಚ್ಚಿದ ತೂತುಗಳಲ್ಲಿ. ಒಳಗೆ ಹೊಲಿಗೆ ಮೇಲೆ ಟೇಪ್ ಅಂಟಿಸಿದ್ದರೆ ಸರಿ. ಇಲ್ಲದಿದ್ದರೆ ರೇನ್ ಕವರ್ ಫ್ರೀ ಅಂತ ಕೈಗಿಡುತ್ತಾರೆ, ಅಲ್ವಾ?

ಹಿಂದೆ ನಮ್ಮೂರಿಗೆ ದನದ ಡಾಕ್ಟರು ಯೆಜ್ಡಿಯಲ್ಲಿ ಬರೋರು. ಮೈಸೂರಿನಲ್ಲೇ ತಯಾರಾದ ಗಾಡಿ. ಪಕ್ಕಕ್ಕೊಂದು ತಗಡಿನ ಪೆಟ್ಟಿಗೆ, ಅದಕ್ಕೆ ಮನೆ ಬಾಗಿಲಿಗೆ ಹಾಕೋವಷ್ಟು ದೊಡ್ಡ ಬೀಗ. ಬರುವಾಗ ಅದರಲ್ಲಿ ಸಿರಿಂಜು, ಹೋಗುವಾಗ ಯಾರೋ ಕೊಟ್ಟ ಬದನೆಕಾಯಿ. ಗುಣಮಟ್ಟ ಗಿಣಮಟ್ಟ ಯಾರು ಕೇಳಿದರು? ಬಡಿದರೆ ಠಣ್ ಅನ್ನಬೇಕು, ಮುಗೀತು.

ಈಗಿನ ಚೀಲಗಳನ್ನು ಬಡಿದರೆ ಏನೂ ಅನ್ನೋದಿಲ್ಲವಲ್ಲ, ಅದಕ್ಕೇ ಒಳಗೆ ಕೈ ಹಾಕಬೇಕು. ಚೀಲ ಸೆಟೆದು ನಿಲ್ಲಲಿ ಅಂತ ಒಳಗೊಂದು ಹಲಗೆ ಕೊಟ್ಟಿರುತ್ತಾರೆ. ಒತ್ತಿ ಬಗ್ಗಿಸಿ. ಪ್ಲಾಸ್ಟಿಕ್ ಆದರೆ ಮತ್ತೆ ನೆಟ್ಟಗಾಗುತ್ತೆ. ರಟ್ಟಾದರೆ ಮುರುಕ್ ಅಂತ ಗೆರೆ ಬೀಳುತ್ತೆ. ಆಗುಂಬೆ ಮಳೆ ಕಂಡರೆ ಅಂಬಲಿಯಾಗಿ, ಹೊಟ್ಟೆ ಜೋತು ಚಕ್ರ ಮುಟ್ಟುತ್ತೆ. ಆಮೇಲೆ ಪಟ್ಟಿಯ ಬುಡ. ಚೌಕ ಹೊಲಿದು ಒಳಗೆ ಅಡ್ಡಡ್ಡ ಹೊಲಿಗೆ ಹಾಕಿರಬೇಕು. ರಿವೆಟ್ ಹೊಡೆದಿದ್ದರೆ ಹಿಂದೆ ವಾಷರ್ ಇರಬೇಕು. ಭಾರವೆಲ್ಲ ಅಲ್ಲೇ ಬೀಳೋದು, ಬಹಳಷ್ಟು ಚೀಲ ಕಿತ್ತುಬರೋದೂ ಅಲ್ಲೇ. ಜಿಪ್ಪನ್ನು ಒಂದೇ ಕೈಯಲ್ಲಿ ಮೂಲೆ ತಿರುಗಿಸಿ ನೋಡಿ. ವೈಕೆಕೆ ಅಂತ ಅಚ್ಚು ಇದೆಯಲ್ಲ ಅಂತ ಸುಮ್ಮನಾಗಬೇಡಿ, ಅಚ್ಚಿಗೂ ಡೂಪ್ಲಿಕೇಟ್ ಇದೆ.

ಲೆದರ್ ಅಂದರಂತೂ ದೇವರೇ ಗತಿ. ಕತ್ತರಿಸಿದ ಅಂಚಿನಲ್ಲಿ ಬಟ್ಟೆ ಎಳೆ ಕಂಡರೆ ಅದು ರೆಕ್ಸಿನ್. ಅದಕ್ಕೇ ಅಂಚು ಕಾಣದ ಹಾಗೆ ಸುತ್ತ ಪೈಪಿಂಗ್ ಕೊಡುತ್ತಾರೆ, ಜಾಣರು! ಮೂಸಿ ನೋಡೋಣ ಅಂದರೆ, ನಮ್ಮ ಸೀಟ್ ಕವರ್ ಹೊಲಿಯೋ ಸಾಹೇಬರು ದಬ್ಬಳ ಕೆಳಗಿಟ್ಟು ನಗುತ್ತಾರೆ, ‘ಸ್ವಾಮಿ, ಆ ವಾಸನೆಗೂ ಸೆಂಟ್ ಬರುತ್ತೆ.’

ಅಂದ ಹಾಗೆ, ಹುಡುಗ ಸ್ಟೇ ಹಾಕಿಸಿದ್ದಾನಾ? ಚೀಲ ಸೈಲೆನ್ಸರಿಗೆ ತಗಲದ ಹಾಗೆ ತಡೆಯೋ ಕಂಬಿ. ಸೈಲೆನ್ಸರ್ ಇರೋದು ಬಲಗಡೆ. ಭಾನುವಾರ ಸಕಲೇಶಪುರಕ್ಕೆ ಹೊರಟಿದ್ದಾನೆ ಅಂದಿರಲ್ಲ, ನಿಮ್ಮ ಮನೆಯವರು ಬೆಣ್ಣೆ ಗಿಣ್ಣೆ ಕಟ್ಟಿಕೊಟ್ಟರೆ ಎಡಗಡೆ ಚೀಲಕ್ಕೇ ಹಾಕಿಸಿ.