ಯಾವಾಗ ಹೊಂಟ್ರಿ?

ನಮ್ಮ ಸಿಂದಗಿ ಸೀಮೆಯಲ್ಲಿ ಮನೆಗೆ ಬಂದವರನ್ನು ಏನು ಬೇಕಾದರೂ ಕೇಳಬಹುದು. ಪಗಾರ ಎಷ್ಟು, ಹೊಲ ಎಷ್ಟು ಎಕರೆ, ಮಗಳ ಮದುವೆ ಇನ್ನೂ ಯಾಕೆ ಆಗಿಲ್ಲ, ಯಾವುದಕ್ಕೂ ಅಡ್ಡಿಯಿಲ್ಲ. ಕೇಳಬಾರದ ಪ್ರಶ್ನೆ ಒಂದೇ: 'ಯಾವಾಗ ಹೊಂಟ್ರಿ?' ಬೀಗರು ತಾವಾಗಿಯೇ ಎದ್ದು ಚೀಲ ಹುಡುಕಿದರೂ ಅದನ್ನು ಬಚ್ಚಿಟ್ಟು, 'ಇವತ್ತೊಂದಿನ ಇರ್ರಿ, ಹೋಳಿಗಿ ಮಾಡೀವಿ' ಎನ್ನುವುದು ಇಲ್ಲಿನ ರಿವಾಜು. ನಮ್ಮವ್ವ ಒಮ್ಮೆ ಚೀಲ ಬಿಟ್ಟು ಚಪ್ಪಲಿಗಳನ್ನೇ ಬಚ್ಚಿಟ್ಟಳು. ಎಲ್ಲಿಟ್ಟೆನೆಂಬುದು ಆಕೆಗೇ ಮರೆತುಹೋಗಿ, ಬೀಗರು ನಿಜಕ್ಕೂ ಮೂರು ದಿನ ಉಳಿದರು.

ಅದೇ ಒಂದು ಪ್ರಶ್ನೆಯನ್ನು ಹಾಳೆಗಟ್ಟಲೆ ತಿರುಗಿಸಿ ಮುರುಗಿಸಿ ಕೇಳುವುದಕ್ಕೆ ವೀಸಾ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಇಂಡಿ ಊರಿನ ನಮ್ಮ ಕಾಕಾನ ದೆಸೆಯಿಂದ.

ಕಾಕಾನ ಮಗ ಜರ್ಮನಿಯಲ್ಲಿದ್ದಾನೆ. ಮೊಮ್ಮಗಳು ಆಗಲೇ ನಡೆಯತೊಡಗಿದ್ದಳು. ಅಜ್ಜ ಅಜ್ಜಿ ಅವಳನ್ನು ಫೋನಿನಲ್ಲಿ ನೋಡಿದ್ದೇ ಬಂತು. ಅಷ್ಟರಲ್ಲಿ 2025ರ ಆಗಸ್ಟ್‌ನಲ್ಲಿ ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆ 3 ಟನ್ನಿನಷ್ಟು ಯುಎಇಗೆ ಹೋಯಿತು. ಪೇಪರಿನಲ್ಲಿ ಓದಿದ ಕಾಕಾ ಎದ್ದು ಕೂತ. 'ನಮ್ಮೂರ ಲಿಂಬಿಕಾಯಿ ಅರಬರ ದೇಶಕ್ಕ ಹೋಗ್ತಾವ, ನನಗ ಹೋಗಾಕ ಬರೂದಿಲ್ಲೇನು?' ಲಿಂಬೆಗೂ ಕಾಗದಪತ್ರ ಬೇಕು, ರೋಗವಿಲ್ಲ, ಹುಳವಿಲ್ಲ ಅಂತ ಸರ್ಟಿಫಿಕೇಟು ಬೇಕು ಎಂದೆ. ಆದರೆ ಲಿಂಬೆಯನ್ನು ಯಾರೂ 'ವಾಪಸ್ ಯಾವಾಗ ಹೋಗ್ತಿ' ಎಂದು ಕೇಳುವುದಿಲ್ಲ. ಅದು ಹೋಗುವುದೇ ಉಪ್ಪಿನಕಾಯಿ ಆಗಲಿಕ್ಕೆ.

ಕಾಕಾನಿಗೆ ಬೇಕಾದದ್ದು ಷೆಂಗೆನ್ ವೀಸಾ. ಷೆಂಗೆನ್ ಎಂಬುದು ಲಕ್ಸೆಂಬರ್ಗಿನ ಒಂದು ಸಣ್ಣ ಹಳ್ಳಿ. 1985ರಲ್ಲಿ ಅಲ್ಲಿಯ ಹೊಳೆಯಲ್ಲಿ, ಹಡಗಿನ ಮೇಲೆ ಕೂತು ಐದು ದೇಶಗಳವರು ನಮ್ಮ ನಮ್ಮ ನಡುವಿನ ಬೇಲಿ ಕಿತ್ತುಹಾಕೋಣ ಎಂದು ಸಹಿ ಮಾಡಿದರು. ಈಗ ಆ ಒಕ್ಕಲಲ್ಲಿ 29 ದೇಶಗಳಿವೆ. ಒಳಬೇಲಿ ತೆಗೆದವರು ಹೊರಬೇಲಿಗೆ ಮುಳ್ಳು ಜಾಸ್ತಿ ಹಾಕುವುದು ನಮ್ಮ ಹೊಲಗಳಲ್ಲೂ ಇದ್ದದ್ದೇ.

ನಿಯಮ ಹೇಳಲು ಮುದ್ದೇಬಿಹಾಳದ ಬೀಗರು ಬಂದರು. ಮಗಳ ಬಾಣಂತನಕ್ಕೆಂದು ಷೆಂಗೆನ್ ಸೀಮೆಗೆ ಹೋಗಿ ಬಂದ ಮೇಲೆ ಅವರ ಮಾತಿಗೆ ವಕೀಲರ ತೂಕ ಬಂದಿದೆ. '180 ದಿನದಾಗ 90 ದಿನ ಇರಬಹುದು. 90 ತುಂಬಿಸಿ, ಹೊರಗ ಹೋಗಿ, ಮರುದಿನ ಒಳಗ ಬರ್ತೀನಂದ್ರ ನಡಿಯೂದಿಲ್ಲ. ಅಲ್ಲಿರೋ ದಿನಾ ದಿನಾ ಹಿಂದಿನ 180 ದಿನ ಎಣಿಸ್ತಾರ. ಇಳದ ದಿನಾನೂ ಲೆಕ್ಕ, ಹೊಂಟ ದಿನಾನೂ ಲೆಕ್ಕ.' ಕಾಕಾ ತಲೆಯಾಡಿಸಿದ. 'ತಿಳೀತು. ಕೆನಾಲ ನೀರಿನ ಪಾಳಿ ಇದ್ದಂಗ.' ಈಗಂತೂ 2025ರ ಅಕ್ಟೋಬರ್ 12ರಿಂದ ಅಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಯಂತ್ರವೇ ದಿನ ಎಣಿಸುವ ಪದ್ಧತಿ ಶುರುವಾಗಿದೆ. ಪಾಳಿ ತಪ್ಪಿಸಿ ರಾತ್ರಿ ನೀರು ತಿರುಗಿಸಿಕೊಳ್ಳುವ ನಮ್ಮ ಜಾಣತನ ಅಲ್ಲಿ ನಡೆಯದು.

ವೀಸಾದ ಫೋಟೋಕ್ಕೆ ಕಾಕಾನನ್ನು ಸಿಂದಗಿಯ ಸ್ಟುಡಿಯೋಗೆ ಕರೆತಂದೆ. 35 ಮಿಲಿಮೀಟರ್ ಅಗಲ, 45 ಎತ್ತರ. ನಗಬಾರದು, ತಲೆಯ ಮೇಲೆ ಟೋಪಿ ಇರಬಾರದು. ಟೋಪಿ ತೆಗೆಯುವುದಕ್ಕೆ ಕಾಕಾ ಅರ್ಧ ತಾಸು ತಗೊಂಡ. ತೆಗೆದಾಗ ನೋಡಿದರೆ ಹುಬ್ಬಿನ ತನಕ ಬಿಸಿಲುಂಡ ಕರಿ ಮುಖ, ಮೇಲೆ ಹಾಲಿನಂಥ ಹಣೆ. ನಡುವೆ ಬದು ಹಾಕಿದಂತೆ ಒಂದು ಗೆರೆ. ಸ್ಟುಡಿಯೋದ ಹುಡುಗ 'ಇದನ್ನ ಕಂಪ್ಯೂಟರಿನ್ಯಾಗ ಸರಿ ಮಾಡ್ಲಿ?' ಎಂದ. 'ಬ್ಯಾಡಪಾ, ಹೊಲದಾಗ ದುಡಿಯಾಂವ ಅನ್ನಾಕ ಅದೊಂದ ಪುರಾವೆ ಅದ' ಎಂದ ಕಾಕಾ.

ಅವನ ಮಾತು ಸುಳ್ಳಲ್ಲ. ವೀಸಾ ಕೊಡುವವರಿಗೆ ಬೇಕಾದದ್ದೂ ಅದೇ: ತಿರುಗಿ ಬರುತ್ತಾನೆಂಬ ಪುರಾವೆ. ಒಕ್ಕಲುತನದ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ರಿಟರ್ನ್ಸ್ ಇಲ್ಲ. ಲಿಂಬೆಯ ದುಡ್ಡು ಒಂದು ತಿಂಗಳು ಹೊಳೆ, ಮೂರು ತಿಂಗಳು ಬರ. ಬ್ಯಾಂಕಿನ ಪಾಸ್‌ಬುಕ್ಕಿನ ಮುಖವೂ ಹಾಗೇ. ಹೊಲದ ಉತಾರ ತೆಗೆಸಿ ಇಂಗ್ಲಿಷಿಗೆ ಅನುವಾದ ಮಾಡಿಸಿದೆವು. ಜತೆಗೊಂದು ಪತ್ರ ಬರೆಯಲು ಕೂತೆ. ಯಾಕೆ ತಿರುಗಿ ಬರುತ್ತೀ, ಹೇಳು ಎಂದೆ. ಕಾಕಾ ಸಾವಕಾಶ ಹೇಳಿದ: 'ಎಮ್ಮಿ ಗಬ್ಬ ಅದ. ಎಳ್ಳಮಾಸಿಗೆ ಹೊಲದಾಗ ಚರಗ ಚೆಲ್ಲಬೇಕು. ಬಾವಿ ಮ್ಯಾಲಿನ ಬೇವಿನ ಗಿಡದ ಬುಡಕ ಮಲಗಲಿಲ್ಲಂದ್ರ ನನಗ ನಿದ್ದಿ ಬರೂದಿಲ್ಲ.' ಇದನ್ನೆಲ್ಲ ನಾನು 'ಕೃಷಿ ಸಂಬಂಧಿತ ಜವಾಬ್ದಾರಿಗಳು' ಎಂದು ಬರೆದೆ. ಬರೆದ ಮೇಲೆ ಓದಿಕೊಂಡರೆ ನನಗೇ ನಂಬಿಕೆ ಬರಲಿಲ್ಲ.

ಕಾಕಾನಿಗೆ ಮನಸಾರೆ ಹಿಡಿಸಿದ ಕಾಗದ ಒಂದೇ. ಬಂದವರ ಖರ್ಚುವೆಚ್ಚವೆಲ್ಲ ನನ್ನದು ಎಂದು ಮಗ ಅಲ್ಲಿಯ ಕಚೇರಿಗೆ ಹೋಗಿ, ಪಗಾರದ ಚೀಟಿ ತೋರಿಸಿ, ಸರಕಾರಕ್ಕೆ ಮುಚ್ಚಳಿಕೆ ಬರೆದುಕೊಟ್ಟಿದ್ದ. 'ಅಪ್ಪ ಅವ್ವನ ನೋಡ್ಕೋತೀನಿ ಅಂತ ಮಗನ ಕಡಿಂದ ಬರಸ್ಕೋತಾರೇನು! ಈ ಕಾಯ್ದೆ ಮೊದಲ ನಮ್ಮೂರಿಗೆ ಬರಬೇಕು' ಎಂದು ಅದರ ಝೆರಾಕ್ಸ್ ತೆಗೆಸಿ ಕಟ್ಟೆಯ ಮೇಲೆ ಎಲ್ಲರಿಗೂ ತೋರಿಸಿದ.

ಕಾಕು ಬಸವನ ಬಾಗೇವಾಡಿಯವಳು. ಆಕೆಯದು ಬೇರೆಯೇ ಆಸೆ: ಅಷ್ಟು ದೂರ ಹೋದ ಮೇಲೆ ಲಂಡನ್ನಿಗೂ ಹೋಗಿ ನಮ್ಮೂರ ಬಸವಣ್ಣನಿಗೆ ಕೈಮುಗಿದು ಬರಬೇಕು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಥೇಮ್ಸ್ ದಂಡೆಯಲ್ಲಿ ಅನಾವರಣ ಮಾಡಿದ ಮೂರ್ತಿ ಅದು. ಬ್ರಿಟನ್ ಷೆಂಗೆನ್ ಒಕ್ಕಲಿನೊಳಗಿಲ್ಲ, ಅದಕ್ಕೆ ಬೇರೆ ವೀಸಾ, ಬೇರೆ ಫೀಸು. ಮೇಲಾಗಿ ಒಂದೇ ಸಲ ಒಳಹೋಗುವ ವೀಸಾ ಇದ್ದರೆ ಲಂಡನ್ನಿಗೆ ಹೋದವರು ಮತ್ತೆ ಮಗನ ಮನೆಗೆ ಬರುವಂತಿಲ್ಲ ಎಂದೆ. ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಸವಣ್ಣಗ ಎಷ್ಟು ದಿನ ಕೊಟ್ಟಾರ?' ಎಂದಳು.

ವೀಸಾ ಅರ್ಜಿ ಕೊಡಲು ಬೆಂಗಳೂರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ತಲೆಗೆ 90 ಯೂರೊ ಫೀಸು, ವೀಸಾ ಸಿಗದಿದ್ದರೂ ವಾಪಸಿಲ್ಲ. 30,000 ಯೂರೊದ ಆರೋಗ್ಯ ವಿಮೆ ಬೇರೆ. ಅಲ್ಲಿ ಹತ್ತೂ ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ಕಾಕಾನ ಬೆರಳನ್ನು ಯಂತ್ರ ಒಪ್ಪಲಿಲ್ಲ. ನಲವತ್ತು ವರ್ಷ ಲಿಂಬೆಯ ಮುಳ್ಳು ಚುಚ್ಚಿಸಿಕೊಂಡು, ಸಲಿಕೆ ಹಿಡಿದು ಸವೆದ ಬೆರಳು, ಗೆರೆಗಳೇ ಉಳಿದಿರಲಿಲ್ಲ. ಒರೆಸಿ ಇಟ್ಟ, ಒದ್ದೆ ಮಾಡಿ ಇಟ್ಟ, ಅಲ್ಲಿಯ ಹುಡುಗಿ ತಾನೇ ಅವನ ಬೆರಳ ಮೇಲೆ ಬೆರಳಿಟ್ಟು ಒತ್ತಿದಳು. ಐದನೇ ಸಲಕ್ಕೆ ಹಸಿರು ದೀಪ ಹತ್ತಿತು. 'ಕಾಯಕ ಮಾಡಿದ ಕೈ ಅದಕ್ಕ ಗುರುತ ಸಿಗೂದಿಲ್ಲ ನೋಡವ್ವಾ' ಎಂದ ಕಾಕಾ. ಆ ಹುಡುಗಿ ಹುಬ್ಬಳ್ಳಿ ಕಡೆಯವಳಿರಬೇಕು, ನಕ್ಕಳು.

ವೀಸಾ ಬಂತು, 75 ದಿನಕ್ಕೆ. ದೀಪಾವಳಿ ಮುಗಿಸಿ ಹೋದವರು ಎಳ್ಳಮಾಸಿಗೆ ನಾಲ್ಕು ದಿನವಿರುವಾಗ ಇಂಡಿಯಲ್ಲಿ ಹಾಜರು. ಇನ್ನೂ ಸುಮಾರು ದಿನ ಬಾಕಿ ಇದ್ದವಲ್ಲ ಎಂದರೆ, 'ಅವರು ಕೊಟ್ಟಾರಂತ ಇರಾಕ ಬರ್ತದೇನು? ಎಮ್ಮಿಗಿ ಯಾರ ಹೇಳಬೇಕು?' ಎಂದ. ಇಷ್ಟು ಸುಲಭವಾಗಿ ವಾಪಸಾಗುವ ಮನುಷ್ಯನ ಬಗ್ಗೆ ಅಷ್ಟೊಂದು ಹಾಳೆ ತುಂಬಿಸಿದ್ದೆವು.

ಆಗ ಅವನ ಕಾಲು ನೋಡಿದೆ. ಮಗನ ಹಳೆಯ ಬೂಟು, ಅದೂ ಒಂದು ಅಂಗುಲ ದೊಡ್ಡದು.

'ಚಪ್ಪಲ್ ಎಲ್ಲಿ ಕಾಕಾ?'

'ಅಲ್ಲೇ ಉಳದಾವ. ಹೊಂಡೂ ದಿನ ಕೂಸು ಎಲ್ಯೋ ಬಚ್ಚಿಟ್ಟಿತ್ತು. ಎಷ್ಟ ಹುಡುಕಿದ್ರೂ ಸಿಗಲಿಲ್ಲ.'

ಆ ಕೂಸಿಗೆ ಇದನ್ನು ಕಲಿಸಿದವರು ಯಾರೋ! ನಿನ್ನೆ ಎಣಿಸಿ ನೋಡಿದೆ: ಕಾಕಾನ ಚಪ್ಪಲಿಗಳು ಜರ್ಮನಿಗೆ ಹೋಗಿ 90 ದಿನ ದಾಟಿವೆ.