ನಾದಿನಿ ಮನೆಯಲ್ಲಿ ಬಿಟ್ಟ ಶಾಲು

ಒಮ್ಮೆ ನಮ್ಮತ್ತೆ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು. ಕಾರಣ ಟೇಲರ್ ಸ್ವಿಫ್ಟ್.

2023ರ ಜುಲೈ 29, ಶನಿವಾರ, ಅಮೆರಿಕದ ಸಾಂತಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ ಅವಳ ಹಾಡಿನ ಕಛೇರಿ, ‘ಈರಾಸ್ ಟೂರ್’. ಊರಿನವರು ಎರಡು ದಿನದ ಮಟ್ಟಿಗೆ ಊರಿಗೇ ‘ಸ್ವಿಫ್ಟೀ ಕ್ಲಾರಾ’ ಅಂತ ಹೆಸರಿಟ್ಟು ಅವಳಿಗೆ ಗೌರವ ಮೇಯರ್ ಪಟ್ಟ ಕಟ್ಟಿದ್ದರು. ನಮ್ಮದು ಮೂರು ಟಿಕೆಟ್: ನಾನು, ಮಗಳು, ನಮ್ಮವರು. ಬೆಳಗ್ಗೆ ಅಕ್ಕಿಮೂಟೆ ಇಳಿಸುವಾಗ ನಮ್ಮವರ ಸೊಂಟ ಹಿಡಿದುಕೊಂಡಿತು. (ಮೂಟೆ ಇಪ್ಪತ್ತೇ ಪೌಂಡಿನದು. ಆ ಸೊಂಟದ ಮೇಲೆ ನನಗೆ ಅನುಮಾನವಿದೆ.) “ಟಿಕೆಟ್ ಯಾಕೆ ದಂಡ ಮಾಡ್ತೀರಿ, ನಾನು ಬರ್ತೀನಿ” ಅಂತ ಅತ್ತೆ ರೇಷ್ಮೆ ಸೀರೆ ಉಟ್ಟೇಬಿಟ್ಟರು. ಸಿಯಾಟಲ್‌ನಲ್ಲಿ ಹಿಂದಿನ ವಾರ ಅವಳ ಹಾಡಿಗೆ ಜನ ಕುಣಿದ ರಭಸಕ್ಕೆ 2.3ರ ಭೂಕಂಪದಷ್ಟು ನೆಲ ನಡುಗಿತ್ತು ಅಂತ ನಮ್ಮವರು ಮಲಗಿದಲ್ಲಿಂದಲೇ ಎಚ್ಚರಿಸಿದರು. ಅತ್ತೆ ಕ್ಯಾರೇ ಅನ್ನಲಿಲ್ಲ.

ಸ್ಟೇಡಿಯಂ ಒಳಗೆ ಪಾರದರ್ಶಕ ಚೀಲ ಮಾತ್ರ ಬಿಡುತ್ತಾರೆ. ಅಮೃತಾಂಜನ, ಬಿ.ಪಿ. ಮಾತ್ರೆ, ಕರ್ಚೀಫಿನ ಗಂಟಿನಲ್ಲಿದ್ದ ಎರಡು ಡಾಲರ್ ಎಲ್ಲವೂ ಬಟಾಬಯಲು. “ನಮ್ಮ ಮನೆತನಾನೆಲ್ಲ ಬೀದೀಲಿ ಹರವಿದ ಹಾಗಾಯ್ತು” ಅಂತ ಅತ್ತೆ ಚೀಲದ ಮೇಲೆ ಸೆರಗು ಹೊದಿಸಿದರು.

ಅಭಿಮಾನಿಗಳು ಅಲ್ಲಿ ಮಣಿ ಪೋಣಿಸಿದ ಬಳೆ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಮಗಳು ಒಂದು ತಿಂಗಳು ಹೋಮ್‌ವರ್ಕ್ ಬಿಟ್ಟು ಅರವತ್ತು ಪೋಣಿಸಿದ್ದಳು. ಮಿರಿಮಿರಿ ಫ್ರಾಕಿನ ಒಬ್ಬ ಹುಡುಗಿ ಬಂದು ಅತ್ತೆಯ ಕೈಗೇ ಒಂದು ತೊಡಿಸಿದಳು. ಹೆಣ್ಣುಮಗಳನ್ನ ಬರಿಗೈಲಿ ಕಳಿಸೋದುಂಟೇ? ಅತ್ತೆ ತಮ್ಮ ಹಸಿರು ಗಾಜಿನ ಬಳೆ ಎರಡು ತೆಗೆದು, ಅವಳ ಕೈ ಹಿಸುಕಿ ಹಿಸುಕಿ ಏರಿಸಿದರು. ಕುಂಕುಮ ಇದ್ದಿದ್ದರೆ ಅದೂ ಆಗುತ್ತಿತ್ತು.

ಆಟ ಮೂರು ಗಂಟೆಗೂ ಮೇಲೆ, ನಲವತ್ತಕ್ಕೂ ಹೆಚ್ಚು ಹಾಡು. ಆಲ್ಬಮ್ಮಿಗೊಂದು ಯುಗ, ಯುಗಕ್ಕೊಂದು ವೇಷ. ಬಾಗಿಲಲ್ಲಿ ಕೊಟ್ಟ ಕೈಪಟ್ಟಿ ಹಾಡಿಗೆ ತಕ್ಕಂತೆ ತಾನೇ ಬಣ್ಣ ಬದಲಿಸುತ್ತಿತ್ತು. ಯಾರೂ ಕೂರಲಿಲ್ಲ, ಎಲ್ಲರೂ ಮಗ್ಗಿ ಒಪ್ಪಿಸುವವರ ಹಾಗೆ ಹಾಡುತ್ತಿದ್ದರು. ಅವಳ ದನಿ ಕೇಳಲು ಹೋದ ನಾನು ನನ್ನ ಮಗಳ ದನಿ ಕೇಳಿಕೊಂಡು ಬಂದೆ. ಐದು ಯುಗ ಅತ್ತೆ ತೆಪ್ಪಗಿದ್ದರು. ಆರನೆಯದು ‘ರೆಡ್’. ಅದರಲ್ಲಿ ಹತ್ತು ನಿಮಿಷದ ‘ಆಲ್ ಟೂ ವೆಲ್’.

ಸುತ್ತ ಎಲ್ಲರೂ ಅಳುತ್ತಿದ್ದರು. “ಯಾರು ಹೋಗ್ಬಿಟ್ರೇ?” ಅತ್ತೆ ಗಾಬರಿಯಾದರು.

ಮಗಳು ಮೂಗೊರೆಸಿಕೊಳ್ಳುತ್ತಾ ಕಿವಿಯಲ್ಲಿ ಕಥೆ ಹೇಳಿದಳು: ಹಾಡಿನ ಹುಡುಗಿ ತನ್ನ ಹುಡುಗನ ಅಕ್ಕನೋ ತಂಗಿಯೋ, ಅವರ ಮನೇಲಿ ಶಾಲು ಮರೆತು ಬಂದಳು, ಅದು ಇನ್ನೂ ಅವನ ಹತ್ರಾನೇ ಇದೆ.

“ಹೋಗಿ ಹೋಗಿ ನಾದಿನಿ ಮನೇಲಿ ಬಿಡೋದಾ!” ಅತ್ತೆ ಹಣೆ ಚಚ್ಚಿಕೊಂಡರು. “ವಾಪಸ್ ಬರತ್ತಾ ಅದು?”

“ಅದರಲ್ಲಿ ಅವಳ ವಾಸನೆ ಇದೆ ಅಂತ ಅವನು ಇಟ್ಕೊಂಡಿದಾನೆ ಅಜ್ಜಿ.”

“ಇಷ್ಟು ವರ್ಷದಿಂದ ಒಗೆದೇ ಇಲ್ವಾ?”

ಮುಂದಿನ ಸಾಲಿನ ಹುಡುಗಿಯರು ತಿರುಗಿ ನೋಡಿದರು. ಇನ್ನೂ ಮೂರು ಯುಗ ಬಾಕಿ. ಗಿಟಾರ್ ಹಿಡಿದು ಒಂದು, ಪಿಯಾನೋ ಮುಂದೆ ಒಂದು ಅಂತ ಅವತ್ತಿನ ರಾತ್ರಿಗೆಂದೇ ಆರಿಸಿಕೊಂಡ ಎರಡು ಹಾಡೂ ಬಂದು ಹೋದವು. ಅತ್ತೆ ಮಾತ್ರ ಶಾಲಿನಿಂದ ಆಚೆ ಬರಲಿಲ್ಲ. “ಬಣ್ಣ ಯಾವುದಂತೆ? ಉಣ್ಣೇದಾ? ಹೊಸದೊಂದು ತಗೊಳೋಕಾಗಲ್ವಾ, ದುಡ್ಡಿಗೇನು ಬರವೇ ಅವಳಿಗೆ?”

ಪಾರ್ಕಿಂಗಿನಿಂದ ಕಾರು ಈಚೆ ಬರಲು ಒಂದು ಗಂಟೆಯಾಯಿತು. ಆ ಕತ್ತಲಲ್ಲಿ, ಯಾರೂ ಕೇಳದೆ, ಅತ್ತೆ ಶುರು ಮಾಡಿದರು. 1972. ತವರಿಂದ ತಂದ ಕನಕಾಂಬರದ ಬಣ್ಣದ ಸೀರೆ. ಅರಸೀಕೆರೆಯಿಂದ ಗಂಡಿನವರು ನೋಡೋಕೆ ಬರ್ತಾರೆ ಅಂತ ನಾದಿನಿ ಉಟ್ಟುಕೊಂಡಳು. ಮದುವೆ ಗೊತ್ತಾಯಿತು, ಸೀರೆ ಅವಳ ಟ್ರಂಕಿನಲ್ಲೇ ಹೋಯಿತು. “ನಿಮ್ಮಾವನ ತಂಗಿ ಅಲ್ವೇನೇ, ಹ್ಯಾಗೆ ಕೇಳಲಿ? ಯಾರ ಹತ್ರಾನೂ ಹೇಳಿಲ್ಲ ನಾನು.” ಸೆರಗು, ಅಂಚು, ಅದನ್ನು ತರಲು ಅವರಪ್ಪ ಮಾರಿದ ತೆಂಗಿನಕಾಯಿ, ಒಂದೂ ಬಿಡಲಿಲ್ಲ. ಹದಿಮೂರು ವರ್ಷದ ನನ್ನ ಮಗಳು ಫೋನ್ ಮಗುಚಿಟ್ಟು ಕೇಳಿದಳು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಭಾನುವಾರ ದೋಸೆ ಹುಯ್ಯುತ್ತಾ ನನ್ನ ನಾಲಿಗೆ ಜಾರಿತು: “ಅತ್ತೆ, ಆರು ವರ್ಷದ ಹಿಂದೆ ನನ್ನ ಮೈಸೂರು ಸಿಲ್ಕ್ ಬೆಂಗಳೂರಲ್ಲಿ ನಿಮ್ಮ ಮಗಳು ಉಡೋಕೆ ತಗೊಂಡ್ರಲ್ಲ?”

ದೋಸೆ ಸೀದುಹೋಯಿತು. “ಅದೇ ಬೇರೆ” ಅಂದರು ಅತ್ತೆ. ಎರಡು ದಿನಗಳಲ್ಲಿ ನನಗೆ ದಕ್ಕಿದ ಮಾತು ಅದೊಂದೇ. ಸೊಂಟ ಹಿಡಿದಿದ್ದ ನಮ್ಮವರು ಸರಸರನೆ ಎದ್ದು ಗ್ಯಾರೇಜಿಗೆ ನಡೆದರು.

ಸೋಮವಾರ ರಾತ್ರಿ ಅತ್ತೆ ಬಾಗಿಲು ಹಾಕಿಕೊಂಡು ಬೆಂಗಳೂರಿಗೆ ಫೋನ್ ಮಾಡಿದರು. ಕದ್ದು ಕೇಳಬಾರದು, ಗೊತ್ತು. ನಾನೂ ಮಗಳೂ ಇಬ್ಬರೂ ಬಾಗಿಲಿಗೆ ಕಿವಿಯಿಟ್ಟೆವು. ಹವಾಮಾನ, ಹಾಲಿನ ರೇಟು, ಮೊಮ್ಮಗನ ಕೆಮ್ಮು ಎಲ್ಲ ಮುಗಿದ ಮೇಲೆ ಅತ್ತೆಯ ದನಿ ಸಣ್ಣಗಾಯಿತು.

“ಅದ್ಸರಿ ಕಣೇ, ನಿಮ್ಮತ್ತಿಗೆ ಸೀರೆ... ಡ್ರೈಕ್ಲೀನಿಗೆ ಕೊಟ್ಟಿದ್ಯಾ, ಇಲ್ಲಾ ಹಾಗೇ ಇಟ್ಕೊಂಡಿದೀಯಾ?”