ಇಪ್ಪತ್ತರ ಮುಂದೆ ಹನ್ನೆರಡು ಸೊನ್ನೆ

ದಾನಿಗಳಿಗೆ ನಮ್ಮ ದೇಶದಲ್ಲಿ ಯಾವ ಕಾಲಕ್ಕೂ ಬರವಿರಲಿಲ್ಲ. ಕರ್ಣ ಮೈಮೇಲಿನ ಕವಚವನ್ನೇ ಕಿತ್ತುಕೊಟ್ಟ, ಬಲಿ ತಲೆಯೊಡ್ಡಿದ, ಶಿಬಿ ತೊಡೆ ಕೊಯ್ದು ತಕ್ಕಡಿಗೆ ಹಾಕಿದ. ಪಾಪ, ಎಲ್ಲರೂ ಕೊಟ್ಟು ಕೆಟ್ಟವರು. ಕೊಟ್ಟೂ ಕೆಡದೆ, ಕೊಟ್ಟದ್ದಕ್ಕೆ ಬಡ್ಡಿಯನ್ನೂ ಸೇರಿಸಿ ವಾಪಸು ಪಡೆದು, ದಾನಶೂರನೆಂಬ ಬಿರುದನ್ನೂ ಉಳಿಸಿಕೊಳ್ಳುವ ವಿದ್ಯೆ ಅವರಿಗೆ ಹೊಳೆಯಲಿಲ್ಲ. ಅದು ಹೊಳೆದದ್ದು 2020ರ ಮೇ ತಿಂಗಳಲ್ಲಿ, ದೆಹಲಿಯಲ್ಲಿ. ಆ ವಿದ್ಯೆಯನ್ನು ಯಾರೂ ಸರಿಯಾಗಿ ಹೊಗಳಿಲ್ಲವೆಂಬ ಕೊರಗು ನನಗೆ ಬಹಳ ದಿನಗಳಿಂದ ಇದೆ.

ಮೇ 12ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಟೀವಿಯಲ್ಲಿ ಬಂದು 20 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಜಿಡಿಪಿಯ ಶೇ 10. ದೇಶ ಬಾಗಿಲು ಹಾಕಿಕೊಂಡು ಏಳು ವಾರವಾಗಿತ್ತು. ಅಂಗಡಿಯವರ ಗಲ್ಲಾ ಖಾಲಿಯಿತ್ತು, ಕೈಯಲ್ಲಿ ಹೊತ್ತು ಬೇಕಾದಷ್ಟಿತ್ತು. ಹಾಗಾಗಿ ಮನೆಮನೆಯಲ್ಲೂ ಕಾಗದ ಪೆನ್ನು ಹಿಡಿದು ಸೊನ್ನೆ ಎಣಿಸಿದರು. ಇಪ್ಪತ್ತರ ಮುಂದೆ ಹನ್ನೆರಡು. ಇಸವಿಯೂ 2020, ಪ್ಯಾಕೇಜೂ 20 ಲಕ್ಷ ಕೋಟಿ, ಪ್ರಾಸಕ್ಕೂ ಕೊರತೆಯಾಗಲಿಲ್ಲ. ಮಾರನೆಯ ದಿನದಿಂದ ಮೇ 17ರವರೆಗೆ, ದಿನಕ್ಕೊಂದರಂತೆ ಐದು ಪತ್ರಿಕಾಗೋಷ್ಠಿಗಳಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ವಿವರ ಬಿಡಿಸಿಟ್ಟರು. ಕೊನೆಗೆ ಕೂಡಿದಾಗ ಬಂದ ಮೊತ್ತ 20,97,053 ಕೋಟಿ. ಹೇಳಿದ್ದು ಇಪ್ಪತ್ತು, ಅದರ ಮೇಲೆ 97,053 ಕೋಟಿ ಕೊಸರು! ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿಗೂ ಕೊಸರು ಹಾಕದ ಈ ಕಾಲದಲ್ಲಿ ಇಂಥ ಧಾರಾಳವನ್ನು ಎಲ್ಲಿ ಕಾಣುತ್ತೀರಿ?

ಇಷ್ಟು ಹಣ ಎಲ್ಲಿಂದ ಬಂತೆಂದು ಕೆಲವು ಅನುಮಾನದ ಪ್ರಾಣಿಗಳು ಕೇಳಿದರು. ಅರ್ಥಶಾಸ್ತ್ರಜ್ಞರು ಕೂಡಿ ಕಳೆದು, ಬೊಕ್ಕಸದಿಂದ ನೇರವಾಗಿ ಹೋಗುವುದು ಜಿಡಿಪಿಯ ಶೇ 1ರ ಆಸುಪಾಸು ಅಷ್ಟೇ ಎಂದರು. ಅವರಿಗೆ ಕಲೆಯ ಗಂಧವಿಲ್ಲ. ಬೊಕ್ಕಸದಿಂದ ತೆಗೆದು ಕೊಡುವುದನ್ನು ಯಾವ ಪಾಳೆಯಗಾರನೂ ಮಾಡಿಯಾನು. ತೆಗೆಯದೆ ಕೊಡುವುದರಲ್ಲಿದೆ ಕೈಚಳಕ. ಒಟ್ಟು ಮೊತ್ತದಲ್ಲಿ 8,01,603 ಕೋಟಿ ರಿಸರ್ವ್ ಬ್ಯಾಂಕ್ ಆಗಲೇ ಬ್ಯಾಂಕುಗಳ ಮುಂದೆ ತೆರೆದಿಟ್ಟ ಹಣ. ಅಂಥ ಸಂಕಷ್ಟದಲ್ಲಿ ಯಾರನ್ನು ನಂಬಿ ಸಾಲ ಕೊಡುವುದೆಂದು ಬ್ಯಾಂಕುಗಳು ಯೋಚಿಸಿ, ಲಕ್ಷಗಟ್ಟಲೆ ಕೋಟಿಯನ್ನು ರಿವರ್ಸ್ ರೆಪೊ ಲೆಕ್ಕದಲ್ಲಿ ತಿರುಗಿ ರಿಸರ್ವ್ ಬ್ಯಾಂಕಿನಲ್ಲೇ ಇಟ್ಟವು. ಹಣಕ್ಕೆ ಓಡಾಡಿ ಸೋಂಕು ತಗಲಲಿಲ್ಲ. ಟಿಡಿಎಸ್ ದರವನ್ನು ಕಾಲುಭಾಗ ಇಳಿಸಿದ್ದಕ್ಕೆ 50,000 ಕೋಟಿ ಎಂದು ಬರೆದುಕೊಂಡರು. ತೆರಿಗೆಯೇನೂ ಕಮ್ಮಿಯಾಗಲಿಲ್ಲ, ಈಗ ಹಿಡಿಯದಿದ್ದದ್ದನ್ನು ರಿಟರ್ನ್ ಸಲ್ಲಿಸುವಾಗ ಕಟ್ಟಬೇಕು. ಆದರೂ ನಮ್ಮ ದುಡ್ಡು ಕೆಲವು ತಿಂಗಳು ನಮ್ಮ ಜೇಬಿನಲ್ಲೇ ಇರಲು ಅನುಮತಿ ಕೊಡುವುದು ಸಣ್ಣ ಮನಸ್ಸಿನವರಿಂದ ಆಗುವ ಕೆಲಸವಲ್ಲ. ಪಿಎಫ್ ವಂತಿಗೆಯನ್ನು ಮೂರು ತಿಂಗಳು ಶೇ 12ರಿಂದ 10ಕ್ಕೆ ಇಳಿಸಿದ್ದಕ್ಕೆ 6,750 ಕೋಟಿ. ಇಲ್ಲಿ ಮಾಲೀಕ ಕಾರ್ಮಿಕನ ಖಾತೆಗೆ ಹಾಕಬೇಕಿದ್ದದ್ದು ಉಳಿಯಿತು, ಕಾರ್ಮಿಕ ಮುಪ್ಪಿಗೆಂದು ಕೂಡಿಡುತ್ತಿದ್ದದ್ದು ಖರ್ಚಿಗೆ ಬಂತು, ಹೆಸರು ಪ್ಯಾಕೇಜಿಗೆ ಬಂತು.

ಸಂಬಳದ ವಿಷಯದಲ್ಲಂತೂ ಸರ್ಕಾರದ ಉದಾರತೆ ಇನ್ನೂ ಮೊದಲೇ ಕಾಣಿಸಿಕೊಂಡಿತ್ತು. ಬ್ರಿಟನ್ನಿನಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಕೂತ ನೌಕರರ ಸಂಬಳದ ಶೇ 80ನ್ನು, ತಿಂಗಳಿಗೆ 2,500 ಪೌಂಡ್ ಮಿತಿಯಲ್ಲಿ, ಸರ್ಕಾರವೇ ಕೊಟ್ಟಿತು. ಅಮೆರಿಕದಲ್ಲಿ ಸಣ್ಣ ಕಂಪನಿಗಳಿಗೆ ಸಾಲ ಕೊಟ್ಟು, ಅದರಿಂದ ನೌಕರರ ಸಂಬಳ ಕೊಟ್ಟಿದ್ದರೆ ಆ ಸಾಲವನ್ನೇ ಮನ್ನಾ ಮಾಡಿದರು. ಹೀಗಾದರೆ ವ್ಯಾಪಾರಸ್ಥರು ಉದ್ಧಾರವಾಗುವುದು ಹೇಗೆ? ನಮ್ಮ ಗೃಹ ಸಚಿವಾಲಯ ಮಾರ್ಚ್ 29ರಂದು ಒಂದೇ ಆದೇಶ ಹೊರಡಿಸಿತು: ಲಾಕ್‌ಡೌನ್ ಅವಧಿಗೆ ಎಲ್ಲ ಮಾಲೀಕರೂ ಕೆಲಸಗಾರರಿಗೆ ಪೂರ್ತಿ ಸಂಬಳ ಕೊಡತಕ್ಕದ್ದು. ಖರ್ಚು, ಆದೇಶದ ಕಾಗದದ್ದು. ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದು ಕೆಲವು ಮಾಲೀಕರು ಗೊಣಗುತ್ತ ಸುಪ್ರೀಂ ಕೋರ್ಟಿಗೆ ಹೋದರು. ಮೇ 17ರಂದು ಸರ್ಕಾರ ಆ ಆದೇಶವನ್ನು ಸದ್ದಿಲ್ಲದೆ ಹಿಂತೆಗೆದುಕೊಂಡಿತು. ಮೊದಲು ಕಾರ್ಮಿಕರಿಗೆ ಉಪಕಾರ, ಆಮೇಲೆ ಮಾಲೀಕರಿಗೆ ಉಪಕಾರ, ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ.

ಪ್ಯಾಕೇಜಿನ ಕಿರೀಟವೆಂದರೆ ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿಯ ತುರ್ತು ಸಾಲ. ಅಡಮಾನ ಬೇಡ, ಜಾಮೀನು ಬೇಡ, ಪೂರ್ತಿ ಖಾತರಿ ಸರ್ಕಾರದ್ದು. ಬಡ್ಡಿ ಬ್ಯಾಂಕಿನಲ್ಲಾದರೆ ಹೆಚ್ಚೆಂದರೆ ಶೇ 9.25, ಫೈನಾನ್ಸ್ ಕಂಪನಿಯಲ್ಲಾದರೆ ಹೆಚ್ಚೆಂದರೆ ಶೇ 14. ನಾಲ್ಕು ವರ್ಷದ ಅವಧಿ, ಮೊದಲ ವರ್ಷ ಅಸಲು ಕಟ್ಟುವಂತಿಲ್ಲ. ಮೊತ್ತ ಎಷ್ಟು? 2020ರ ಫೆಬ್ರವರಿ 29ಕ್ಕೆ ನಿಮ್ಮ ಮೇಲೆ ಎಷ್ಟು ಸಾಲ ಬಾಕಿ ಇತ್ತೋ ಅದರ ಶೇ 20. ನಾಲ್ಕು ವರ್ಷಕ್ಕೊಮ್ಮೆ ಬರುವ ಆ ದಿನ ನೀವು ಸಾಲಗಾರರಾಗಿದ್ದರೆ ಪುಣ್ಯವಂತರು.

ಪೀಣ್ಯದಲ್ಲಿ ನನಗೆ ಪರಿಚಯದ ಒಬ್ಬರಿದ್ದಾರೆ. ಬಾಡಿಗೆ ಶೆಡ್, ಎರಡು ಲೇತ್, ಒಂದು ಮಿಲ್ಲಿಂಗ್ ಮಷಿನ್, ಆರು ಜನ ಹುಡುಗರು. ದೊಡ್ಡ ಕಂಪನಿಯೊಂದರ ಜಾಬ್ ವರ್ಕ್ ಮಾಡಿಕೊಂಡಿದ್ದರು. ಸಾಲವೆಂದರೆ ಹಾವು ಕಂಡಂತೆ ಹಾರುವ ಮನುಷ್ಯ. ಮಷಿನ್ ಸಾಲವನ್ನು ಅವಧಿಗೆ ಮೊದಲೇ, 2020ರ ಜನವರಿಯಲ್ಲೇ ತೀರಿಸಿ, ಶೆಡ್ಡಿನಲ್ಲಿ ಪೂಜೆ ಮಾಡಿಸಿ, ಅಕ್ಕಪಕ್ಕದವರಿಗೆಲ್ಲ ಮೈಸೂರುಪಾಕು ಹಂಚಿದ್ದರು. ಪ್ಯಾಕೇಜಿನ ಸುದ್ದಿ ಕೇಳಿ ಜೂನ್‌ನಲ್ಲಿ ಮಾಸ್ಕ್ ಹಾಕಿಕೊಂಡು ಬ್ಯಾಂಕಿಗೆ ಹೋದರು. ಮ್ಯಾನೇಜರು ಗಾಜಿನ ಹಿಂದಿನಿಂದ ಕಂಪ್ಯೂಟರ್ ನೋಡಿದರು.

“ಸಾರ್, ನಿಮ್ಮದು ಲೋನ್ ಅಕೌಂಟ್ ಯಾವುದೂ ತೋರಿಸ್ತಾ ಇಲ್ಲವಲ್ಲ.”

“ಜನವರೀಲೇ ಕ್ಲೋಸ್ ಮಾಡಿದೆ ಸಾರ್. ಒಂದು ಕಂತೂ ತಪ್ಪಿಸಿಲ್ಲ.”

“ಅಯ್ಯೋ! ಯಾಕೆ ಕ್ಲೋಸ್ ಮಾಡಿದ್ರಿ? ಬಾಕಿ ಇದ್ದಿದ್ರೆ ಇಪ್ಪತ್ತು ಪರ್ಸೆಂಟ್ ನಾನೇ ಕಣ್ಣುಮುಚ್ಚಿ ಕೊಡ್ತಿದ್ದೆ. ಈಗ ಸೊನ್ನೆಗೆ ಇಪ್ಪತ್ತು ಪರ್ಸೆಂಟ್ ಅಂದ್ರೆ ಏನ್ ಕೊಡಲಿ, ನೀವೇ ಹೇಳಿ.”

ಪಕ್ಕದ ಶೆಡ್ಡಿನವರ ಮೇಲೆ 15 ಲಕ್ಷ ಬಾಕಿ ಇತ್ತು. ಅವರಿಗೆ 3 ಲಕ್ಷ ಸಿಕ್ಕಿತು. ನನ್ನ ಪರಿಚಯದವರಿಗೆ ಬೇರೆ ಸಾಲವಿದೆ ಎಂದರು ಮ್ಯಾನೇಜರು. ಮನೆಪತ್ರ ತಂದರೆ ಸಾಕು. ನೋಡಿ, ಒಂದು ಯೋಜನೆ ಎಂಥ ನೀತಿಪಾಠವನ್ನು ಕಲಿಸಬಲ್ಲದು! ಸರ್ವಜ್ಞ ಸಾಲದ ಬಗ್ಗೆ ಹೇಳಿದ್ದನ್ನು ನಮ್ಮ ಶಾಲೆಗಳಲ್ಲಿ ಇನ್ನೂ ಕಲಿಸುತ್ತಿರುವುದೇ ತಪ್ಪು. ಹಾಸಿಗೆ ಇದ್ದಷ್ಟು ಕಾಲು ಚಾಚಿದವನಿಗೆ ಕಾಲೇ ಉಳಿಯಿತು, ಹಾಸಿಗೆ ಹರಿಯುವ ಹಾಗೆ ಚಾಚಿದವನಿಗೆ ಸರ್ಕಾರ ಇನ್ನೊಂದು ತುಂಡು ಹೊಲಿದುಕೊಟ್ಟಿತು, ಬಾಡಿಗೆಗೆ.

ಸಣ್ಣ ಉದ್ಯಮಗಳನ್ನು ಹೆಚ್ಚಿಸಲು ಕಂಡುಕೊಂಡ ದಾರಿಯೂ ಮೆಚ್ಚತಕ್ಕದ್ದೇ. ಹೊಸ ಉದ್ಯಮ ಕಟ್ಟಿಸುವುದು ವರ್ಷಗಟ್ಟಲೆ ಹಿಡಿಯುವ ಕೆಲಸ, ದೊಡ್ಡದನ್ನು ಸಣ್ಣದೆಂದು ಕರೆಯಲು ಒಂದು ಅಧಿಸೂಚನೆ ಸಾಕು. ತಯಾರಿಕೆಯಲ್ಲಿ 25 ಲಕ್ಷ ಇದ್ದ ಅತಿಸಣ್ಣ ಉದ್ಯಮದ ಹೂಡಿಕೆ ಮಿತಿ 1 ಕೋಟಿಯಾಯಿತು. ಮಧ್ಯಮ ಉದ್ಯಮದ್ದು ಮೇ 13ಕ್ಕೆ 20 ಕೋಟಿ, ಜೂನ್ 1ರ ಹೊತ್ತಿಗೆ 50 ಕೋಟಿ ಹೂಡಿಕೆ, 250 ಕೋಟಿ ವಹಿವಾಟು. ಎರಡು ಲೇತಿನ ಶೆಡ್ಡೂ 250 ಕೋಟಿಯ ಕಾರ್ಖಾನೆಯೂ ಆಗ ಒಂದೇ ಸಚಿವಾಲಯದ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತವು. ಸಮಾನತೆ ಎಂದರೆ ಇದೇ. ನಾಲ್ಕನೆಯ ದಿನದ ಪತ್ರಿಕಾಗೋಷ್ಠಿಯನ್ನು ನನ್ನ ಪರಿಚಯದವರು ಶೆಡ್ ಬಾಡಿಗೆಯ ಬಗ್ಗೆ ಏನಾದರೂ ಬರಬಹುದೆಂದು ಕಾದು ಕೂತು ನೋಡಿದರು. ಖಾಸಗಿಯವರು ಇನ್ನು ಕಲ್ಲಿದ್ದಲು ತೆಗೆದು ಮಾರಬಹುದು, ಇಸ್ರೋ ಸೌಲಭ್ಯ ಬಳಸಿಕೊಂಡು ಬಾಹ್ಯಾಕಾಶಕ್ಕೂ ಕೈಹಾಕಬಹುದು ಎಂಬ ಸುದ್ದಿ ಬಂತು. ಇಸ್ರೋದ ಟ್ರ್ಯಾಕಿಂಗ್ ಕೇಂದ್ರ ಪೀಣ್ಯದಲ್ಲೇ ಇರುವುದರಿಂದ ಆಟೋ ಖರ್ಚು ಉಳಿಯುತ್ತದೆ ಎಂದು ಅವರಿಗೆ ಸಮಾಧಾನ ಹೇಳಿದೆ.

ಬೀದಿ ವ್ಯಾಪಾರಿಗಳನ್ನೂ ಮರೆಯಲಿಲ್ಲ. ಜೂನ್‌ನಲ್ಲಿ ಅವರಿಗೆ 10,000 ರೂಪಾಯಿ ಬಂತು, ಸಾಲವಾಗಿ. ಮೊಬೈಲಿನಲ್ಲಿ ಹಣ ಪಡೆದರೆ ಕ್ಯಾಶ್‌ಬ್ಯಾಕ್ ಕೂಡ ಇತ್ತು: ತಿಂಗಳಿಗೆ 200 ವಹಿವಾಟು ಮಾಡಿದರೆ 100 ರೂಪಾಯಿ. ಬೀದಿಯಲ್ಲಿ ಜನವೇ ಇಲ್ಲದ ದಿನಗಳಲ್ಲಿ ಇದೊಂದು ಒಳ್ಳೆಯ ಗುರಿ.

ಕಂತಿನ ವಿಚಾರಕ್ಕೆ ಬರೋಣ. ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತು, ಆಮೇಲೆ ಆಗಸ್ಟ್ 31ರವರೆಗೆ ವಿಸ್ತರಿಸಿತು. ಕಂತಿಗೆ ರಜೆ ಇತ್ತು, ಬಡ್ಡಿಗೆ ಇರಲಿಲ್ಲ. ಅದು ಭಾನುವಾರವೂ ದುಡಿಯುವ ಪ್ರಾಣಿ. ಬಡ್ಡಿಯ ಮೇಲೂ ಬಡ್ಡಿ ಬಿದ್ದಾಗ ಜನ ಕೋರ್ಟಿಗೆ ಹೋದರು. ಅಕ್ಟೋಬರಿನಲ್ಲಿ ಸರ್ಕಾರ ಮನಸ್ಸು ಕರಗಿಸಿಕೊಂಡು, 2 ಕೋಟಿಯವರೆಗಿನ ಸಾಲಗಳಿಗೆ ಆರು ತಿಂಗಳ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ಕೊಡುವುದಾಗಿ ಹೇಳಿತು. ದೀಪಾವಳಿಗೆ ಮುಂಚೆಯೇ ಖಾತೆಗೆ ಬಂತು. ಶೇ 9ರ ಬಡ್ಡಿಯಲ್ಲಿ 10 ಲಕ್ಷ ಸಾಲವಿದ್ದವರಿಗೆ ಲೆಕ್ಕ ಹಾಕಿದರೆ ಸುಮಾರು 850 ರೂಪಾಯಿ. ಪಟಾಕಿಗೆ ಸಾಲದಿದ್ದರೂ ಹಣತೆಗೆ ಎಣ್ಣೆ ಆಗುತ್ತದೆ.

ನಮ್ಮ ರಾಜ್ಯದ ಬಗ್ಗೆ ಹೇಳದಿದ್ದರೆ ಕನ್ನಡಿಗರು ಬೇಸರ ಮಾಡಿಕೊಂಡಾರು. ದೆಹಲಿಗಿಂತ ಆರು ದಿನ ಮೊದಲೇ, ಮೇ 6ರಂದು, ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಘೋಷಿಸಿದರು. ಇದರಲ್ಲಿ ಒಂದು ದೋಷವಿತ್ತು: ನಿಜವಾದ ನಗದು ಇತ್ತು. 2,30,000 ಕ್ಷೌರಿಕರು, 60,000 ಅಗಸರು, 7,75,000 ಆಟೋ, ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಹಿಂದಿರುಗಿಸುವಂತಿಲ್ಲ. ದೋಷವನ್ನು ಸರಿಪಡಿಸುವ ಹೊಣೆಯನ್ನು ಸೇವಾ ಸಿಂಧು ಪೋರ್ಟಲ್ ಹೊತ್ತುಕೊಂಡಿತು. ನಮ್ಮ ಬೀದಿಯ ಸೈಬರ್ ಸೆಂಟರಿನ ಮುಂದೆ ಖಾಕಿ ಅಂಗಿಗಳ ಸಾಲು. ಒಳಗೆ ಹುಡುಗ ಕೇಳುತ್ತಿದ್ದ: “ಅಣ್ಣಾ, ಆಧಾರ್‌ನಲ್ಲಿ ಇನಿಷಿಯಲ್ ಐತೆ, ಲೈಸೆನ್ಸಲ್ಲಿ ಇಲ್ವಲ್ಲ. ತಗೊಳ್ತಿಲ್ಲ.” “ನಾನೇ ಕಣಪ್ಪ ಅದು, ಫೋಟೋ ನೋಡು.” “ಫೋಟೋ ನಾನು ನೋಡ್ತೀನಣ್ಣ, ಸರ್ವರ್ ನೋಡಲ್ಲ.” ಅರ್ಜಿಗೆ ಐವತ್ತು ರೂಪಾಯಿಯಂತೆ ಆ ಹುಡುಗನ ಉದ್ಯಮ ಒಂದು ಮಾತ್ರ ಲಾಕ್‌ಡೌನಿನಲ್ಲಿ ಚೇತರಿಸಿಕೊಂಡಿತು. ಮರುವರ್ಷ ಎರಡನೇ ಅಲೆ ಬಂದಾಗ ಸರ್ಕಾರಕ್ಕೆ ಅನುಭವವಾಗಿತ್ತು: ಚಾಲಕರಿಗೆ 3,000, ಕ್ಷೌರಿಕರಿಗೆ 2,000.

ಪ್ಯಾಕೇಜಿನ ಖರ್ಚು ಹೊತ್ತವರನ್ನು ಯಾರೂ ಸನ್ಮಾನಿಸಲಿಲ್ಲ. ಮೇ 4ರಂದು ಮದ್ಯದಂಗಡಿ ತೆರೆದ ಮೊದಲ ದಿನವೇ ರಾಜ್ಯದಲ್ಲಿ 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಬಿಸಿಲಲ್ಲಿ, ಸುಣ್ಣದ ವೃತ್ತದೊಳಗೆ, ಅಂತರ ಕಾಯ್ದುಕೊಂಡು ನಿಂತಿದ್ದ ಆ ದೇಶಭಕ್ತರ ಮೇಲೆ ಅಬಕಾರಿ ಸುಂಕ ಇನ್ನೂ ಶೇ 11 ಏರಿತು. ಕ್ಷೌರಿಕನ 5,000 ರೂಪಾಯಿಯಲ್ಲಿ ಎಷ್ಟು ಭಾಗ ಅಲ್ಲಿಂದ ಬಂತು, ಎಷ್ಟು ಭಾಗ ಅಲ್ಲಿಗೇ ಹೋಯಿತು ಎಂಬುದು ಸಂಶೋಧಕರಿಗೆ ಬಿಟ್ಟದ್ದು. ಅದೇ ವಾರ ಕಟ್ಟಡ ಉದ್ಯಮಕ್ಕೂ ಒಂದು ನೆರವು ಸಿಕ್ಕಿತು, ಅದು ಯಾವ ಪಟ್ಟಿಯಲ್ಲೂ ಸೇರಿಲ್ಲ. ಮೇ 5ರಂದು ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆಯಾದ ಮೇಲೆ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳು ಇನ್ನು ಬೇಡವೆಂದು ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಬಂಡವಾಳ ಬಿಟ್ಟುಹೋಗದಂತೆ ತಡೆಯುವ ದೇಶಗಳ ಬಗ್ಗೆ ಓದಿದ್ದೆ. ಕೂಲಿಯವರನ್ನೇ ತಡೆದಿಟ್ಟು ಉದ್ಯಮ ಕಾಪಾಡಬಹುದೆಂಬುದನ್ನು ನಾವು ತೋರಿಸಿಕೊಟ್ಟೆವು. ಗಲಾಟೆಯಾಗಿ ಎರಡು ಮೂರು ದಿನದಲ್ಲೇ ರೈಲು ಬಿಡಬೇಕಾಯಿತು. ಒಳ್ಳೆಯದನ್ನು ಜನ ಬಾಳಗೊಡುವುದಿಲ್ಲ.

ಅಂಗಡಿಯವನಿಗೆ ಒಂದು ನ್ಯಾಯ, ಆಳುವವರಿಗೆ ಒಂದು ನ್ಯಾಯ ಎಂದು ದೂರುವವರಿಗೆ ಆಗಸ್ಟ್ 27ರ ಜಿಎಸ್‌ಟಿ ಮಂಡಳಿ ಸಭೆ ಉತ್ತರ ಕೊಟ್ಟಿತು. ರಾಜ್ಯಗಳಿಗೆ ಬರಬೇಕಿದ್ದ ಪರಿಹಾರದ ಲೆಕ್ಕದಲ್ಲಿ 2.35 ಲಕ್ಷ ಕೋಟಿ ಕೊರತೆ. ಇದು ದೇವರ ಆಟ ಎಂದರು ಹಣಕಾಸು ಸಚಿವೆ. ರಾಜ್ಯಗಳಿಗೆ ಸೂಚಿಸಿದ ಪರಿಹಾರ: ಸಾಲ ಮಾಡಿ. ತಳ್ಳುಗಾಡಿಯವನಿಂದ ವಿಧಾನಸೌಧದವರೆಗೆ ಎಲ್ಲರಿಗೂ ಒಂದೇ ಮದ್ದು. ಕಂತು ತಪ್ಪಿಸಿದವನು ಬ್ಯಾಂಕಿಗೆ ಹೋಗಿ ದೇವರ ಆಟ ಎಂದರೆ ಮಾತ್ರ ಯಾಕೋ ನಡೆಯುವುದಿಲ್ಲ. ದೇವರಿಗೂ ಸಿಬಿಲ್ ಸ್ಕೋರ್ ನೋಡುತ್ತಾರೆಂದು ಕಾಣುತ್ತದೆ.

ಪಕ್ಕದ ಶೆಡ್ಡಿನವರು ಆಗಸ್ಟ್ 2020ರಲ್ಲಿ ಪಡೆದ ಆ 3 ಲಕ್ಷದ ಅಸಲಿನ ಕಂತು ಶುರುವಾದದ್ದು ಎರಡನೇ ಅಲೆ ಇಳಿದ ಮೇಲೆ, ಕಬ್ಬಿಣದ ಬೆಲೆ ಏರಿದಾಗ, ಮುಗಿದದ್ದು 2024ರಲ್ಲಿ. ನೆರವು 3 ಲಕ್ಷ, ನೆರವಿನ ಬಡ್ಡಿ ಸುಮಾರು 70 ಸಾವಿರ. ನನ್ನ ಪರಿಚಯದವರು ಹೆಂಡತಿಯ ಎರಡು ಬಳೆ ಮಾರಿ ಹುಡುಗರ ಸಂಬಳ ಕೊಟ್ಟು ಉಳಿದುಕೊಂಡರು. ಅವರನ್ನು ಯಾವ ಪ್ಯಾಕೇಜಿನ ಫಲಾನುಭವಿ ಪಟ್ಟಿಯಲ್ಲೂ ಸೇರಿಸಲು ಬರುವುದಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಮಹಾಮಾರಿ ಯಾವಾಗ ಬರುತ್ತದೋ ಹೇಳಲಾಗದು. ಅಂಗಡಿ, ಶೆಡ್, ಹೋಟೆಲು ಏನಿದ್ದರೂ ಸರಿ, ಈಗಲೇ ಅದರ ಮೇಲೊಂದು ಒಳ್ಳೆಯ ಸಾಲ ಮಾಡಿಟ್ಟುಕೊಳ್ಳಿ, ಆದಷ್ಟು ದೊಡ್ಡದೇ ಇರಲಿ. ಕಂತು ಮಾತ್ರ 60 ದಿನಕ್ಕಿಂತ ಹೆಚ್ಚು ಬಾಕಿ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ಆ ಖಾತರಿಯೂ ಸಿಗುವುದಿಲ್ಲ.